ಗದಗಿನ ದಾರಿ: ಕೊಪ್ಪಳ ಸೀಮೆಯ ಅಂಧ ಮಕ್ಕಳ ಶಿಕ್ಷಣ ನಡೆದು ಬಂದ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಕಣ್ಣು ಕಾಣದ ಮಗುವಿನ ಓದಿನ ಮಾತು ಬಂದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಊರು ಗದಗ. ‘ಗದಗಿನ ಆಶ್ರಮಕ್ಕ ಬಿಟ್ಟು ಬರ್ರಿ, ಅಜ್ಜಾರು ನೋಡ್ಕೋತಾರ’ ಎನ್ನುವ ಮಾತು ಈ ಭಾಗದಲ್ಲಿ ಮೂರು ತಲೆಮಾರಿನಿಂದ ಕೇಳಿಬರುತ್ತಿದೆ. ಆ ಒಂದು ಮಾತಿನಲ್ಲಿ ಭರವಸೆಯೂ ಇದೆ, ಕೊರತೆಯೂ ಇದೆ. ಭರವಸೆ ಏಕೆಂದರೆ ಅಲ್ಲಿ ಊಟ, ವಸತಿ, ವಿದ್ಯೆ ಮೂರೂ ಪುಕ್ಕಟೆ ಸಿಕ್ಕವು. ಕೊರತೆ ಏಕೆಂದರೆ ಕಲಿಯಬೇಕಾದರೆ ಮಗು ಮನೆ ಬಿಟ್ಟೇ ಹೋಗಬೇಕಾಯಿತು. ಈ ನಾಲ್ಕು ತಾಲ್ಲೂಕುಗಳ ಅಂಧ ಮಕ್ಕಳ ಶಿಕ್ಷಣದ ಚರಿತ್ರೆ ಬಹುಪಾಲು ನಡೆದದ್ದು ಈ ನಾಲ್ಕು ತಾಲ್ಲೂಕುಗಳ ಆಚೆಗೆ.

ಈ ಸಂಗತಿ ಅರ್ಥವಾಗಬೇಕಾದರೆ ಹಳೆಯ ನಕಾಶೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. 1948ರ ಸೆಪ್ಟೆಂಬರ್‌ವರೆಗೆ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗ್ ಮನೆತನದ ಜಾಗೀರು. ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಬ್ರಿಟಿಷರ ಕೈಕೆಳಗೆ. ಮೈಸೂರು ಒಡೆಯರದು. ಒಂದೇ ಭಾಷೆ ಆಡುವ ಜನ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ನಿಜಾಮರ ಸರ್ಕಾರಿ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿಕೊಂಡದ್ದೇ ಈ ಕೊರಗಿನಿಂದ. ಕಣ್ಣಿದ್ದ ಕನ್ನಡದ ಮಗುವಿಗೇ ಶಾಲೆ ದುರ್ಲಭವಾಗಿದ್ದ ಕಡೆ ಕಣ್ಣಿಲ್ಲದ ಮಗುವಿನ ಶಾಲೆಯ ಯೋಚನೆಯನ್ನು ಯಾರು ಮಾಡಿಯಾರು?

ಅಂಥ ಮಕ್ಕಳಿಗೇನೂ ಕಡಿಮೆ ಇರಲಿಲ್ಲ. ಸಿಡುಬು ಬಂದು ಹೋದರೆ ಜೀವ ಉಳಿದರೂ ಎಷ್ಟೋ ಸಲ ಕಣ್ಣು ಉಳಿಯುತ್ತಿರಲಿಲ್ಲ. ಮಳೆ ಕೈಕೊಡುವ ಈ ಎರೆ–ಮಸಾರಿ ನೆಲದಲ್ಲಿ ಬರ ಬಂದಾಗ ಸೊಪ್ಪು, ಹಾಲು, ತುಪ್ಪ ಮೊದಲು ತಪ್ಪಿಹೋಗುವುದು ಮಕ್ಕಳ ತಾಟಿನಿಂದ. ‘ಎ’ ಅನ್ನಾಂಗ ಸಾಲದೆ ಇರುಳುಗಣ್ಣು ಶುರುವಾಗಿ, ಕಡೆಗೆ ಕಣ್ಣಿನ ಕರಿಗುಡ್ಡೆಯೇ ಕರಗಿಹೋಗುತ್ತಿತ್ತು. ಹುಟ್ಟಿದ ಕೂಸಿನ ಕಣ್ಣಿನ ಸೋಂಕಿಗೆ ಔಷಧವಿರಲಿಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತರುವ ರೂಢಿಯಿಂದ ವಂಶದಲ್ಲಿ ಇಳಿದು ಬರುವ ಕಣ್ಣಿನ ದೋಷಗಳೂ ಸೇರಿಕೊಂಡವು. ಇಂಥ ಮಗುವಿಗೆ ಮನೆಯವರು ಪ್ರೀತಿಯಿಂದ ಉಣಿಸಿ ಕಟ್ಟೆಯ ಮೇಲೆ ಕೂಡಿಸುತ್ತಿದ್ದರು. ಬಹಳವೆಂದರೆ ಹಗ್ಗ ಹೊಸೆಯಲು, ಬೀಸಲು, ಕೂಸು ತೂಗಲು ಹಚ್ಚುತ್ತಿದ್ದರು. ದನಿ ಚೆನ್ನಾಗಿದ್ದರೆ ಭಜನೆ ಮೇಳದಲ್ಲಿ ಒಂದು ಜಾಗ ಸಿಗುತ್ತಿತ್ತು. ಈ ಕಡೆಯ ಎಳೆಯನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಅದನ್ನೇ ಹಿಡಿದು ಬೆಳೆಯಿತು.

ದೇಶದ ಉಳಿದ ಕಡೆ ಏನು ನಡೆದಿತ್ತು ಎಂಬುದನ್ನೂ ನೋಡೋಣ. ಭಾರತದ ಮೊದಲ ಅಂಧರ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ತೆರೆದವರು ಆ್ಯನಿ ಶಾರ್ಪ್ ಎಂಬ ಮಿಶನರಿ ಮಹಿಳೆ. ಮುಂದೆ ಅದು ಡೆಹ್ರಾಡೂನಿನ ರಾಜಪುರಕ್ಕೆ ಹೋಯಿತು. 1890ರಲ್ಲಿ ಪಾಳಯಂಕೋಟೆ, 1897ರಲ್ಲಿ ಕಲ್ಕತ್ತೆ. ಮುಂಬಯಿಯಲ್ಲಿ ಅನಾ ಮಿಲಾರ್ಡ್ 1900ರಲ್ಲಿ ಶಾಲೆ ಆರಂಭಿಸಿದರು. ಅದು ಮಹಾಬರದ ಕಾಲ, ಬರದಲ್ಲಿ ಅನಾಥರಾದ ಮಕ್ಕಳಲ್ಲಿ ಕಣ್ಣು ಕಳೆದುಕೊಂಡವರೂ ಇದ್ದರು. ಕನ್ನಡ ನಾಡಿನ ಮಟ್ಟಿಗೆ ಮೊದಲ ಹೆಜ್ಜೆ ಮೈಸೂರಿನದು: 1901ರಲ್ಲಿ ಅಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾಯಿತು. ಕೊಪ್ಪಳದ ಮಗುವಿಗೆ ಇದರಿಂದ ಏನು ಬಂತು? ಮೈಸೂರು ಪರಸಂಸ್ಥಾನ. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾಗುವವರೆಗೆ ಆ ಶಾಲೆ ಈ ಸೀಮೆಯವರಿಗೆ ತಮ್ಮ ಸರ್ಕಾರದ ಶಾಲೆಯಾಗಲಿಲ್ಲ.

ಅದೇ ವಸಾಹತು ಕಾಲದ ಆಫ್ರಿಕಾದಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ. ದಕ್ಷಿಣ ಆಫ್ರಿಕಾದ ವೂಸ್ಟರ್‌ನಲ್ಲಿ 1881ರಲ್ಲೇ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ ಬಂತಾದರೂ ಕಪ್ಪು ಜನರ ಮಕ್ಕಳ ಪಾಲಿಗೆ ಶಾಲೆಗಳು ಹುಟ್ಟಿದ್ದು ತೀರ ತಡವಾಗಿ. ಕೀನ್ಯಾದ ಥಿಕಾದಲ್ಲಿ ಸಾಲ್ವೇಶನ್ ಆರ್ಮಿಯವರು 1946ರಲ್ಲಿ, ನೈಜೀರಿಯಾದ ಗಿಂಡಿರಿಯಲ್ಲಿ ಮಿಶನರಿಗಳು 1953ರಲ್ಲಿ ಶಾಲೆ ತೆರೆದರು. ಸರ್ಕಾರಗಳು ಹಣ ಕೊಟ್ಟದ್ದು ಕಡಿಮೆ, ಕೊಟ್ಟಾಗಲೂ ‘ದುಡಿದು ತಿನ್ನುವಂತಾಗಲಿ’ ಎಂಬ ಒಂದೇ ಲೆಕ್ಕ. ಹಾಗಾಗಿ ಅಮೃತಸರವಿರಲಿ, ಆಫ್ರಿಕಾವಿರಲಿ, ಶಾಲೆಯ ಹಿಂದೆಯೇ ಒಂದು ಕಾರ್ಯಾಗಾರ ಬರುತ್ತಿತ್ತು: ಬುಟ್ಟಿ ಹೆಣೆಯುವುದು, ಚಾಪೆ ನೇಯುವುದು, ಕುರ್ಚಿಗೆ ಬೆತ್ತ ಹಾಕುವುದು. ಬೆರಳಿನ ಸ್ಪರ್ಶಕ್ಕೆ ಸಿಗುವ ಕೆಲಸಗಳೆಂದು ಇವನ್ನು ಯುರೋಪಿನ ಶಾಲೆಗಳಿಂದ ಇದ್ದಹಾಗೆಯೇ ತಂದರು. ಮಾಡಿದ ಬುಟ್ಟಿಯನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಿಶನ್ನಿನ ಹಿತೈಷಿಗಳು ಮತ್ತು ಸರ್ಕಾರಿ ಕಚೇರಿಗಳು ಎಂಬುದಷ್ಟೇ ಉತ್ತರವಾಗಿತ್ತು. ಕಲಿತ ಹುಡುಗ ತನ್ನ ಹಳ್ಳಿಗೆ ಮರಳಿದರೆ ಅಲ್ಲಿ ಬೆತ್ತವೂ ಇಲ್ಲ, ಕುರ್ಚಿಯೂ ಇಲ್ಲ.

ಇತ್ತ ಕನ್ನಡ ನಾಡಿನಲ್ಲಿ, ಯಾವ ಸರ್ಕಾರದ, ಯಾವ ಮಿಶನ್ನಿನ ನೆರವೂ ಇಲ್ಲದೆ ಬೇರೆಯೇ ಒಂದು ದಾರಿ ತೆರೆದುಕೊಂಡಿತು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟುಗುರುಡ. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಇಬ್ಬರೂ ಹಾಡುತ್ತಿದ್ದರು. ಹಾನಗಲ್ಲ ಕುಮಾರಸ್ವಾಮಿಗಳು ಈ ಹುಡುಗರ ಕಂಠಕ್ಕೆ ಕಿವಿಗೊಟ್ಟು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದ ಸ್ವಾಮಿಗಳು ಇವರೇ. ಗದಿಗೆಯ್ಯ ಕರ್ನಾಟಕ ಸಂಗೀತವನ್ನೂ ಹಿಂದೂಸ್ತಾನಿಯನ್ನೂ ಕಲಿತು ಪಂಚಾಕ್ಷರ ಗವಾಯಿ ಆದರು. ‘ಉಭಯಗಾನ ವಿಶಾರದ’ ಎಂದು ಜನ ಕರೆದರು. ಹೆಸರು, ಬಿರುದು ಬಂದ ಮೇಲೆ ಅವರು ಅರಮನೆಯನ್ನೋ ದೊಡ್ಡ ಪಟ್ಟಣವನ್ನೋ ಹಿಡಿದು ಕೂಡಬಹುದಿತ್ತು. ಹಾಗೆ ಮಾಡಲಿಲ್ಲ. ತಮ್ಮಂಥ ಮಕ್ಕಳನ್ನು ಕೂಡಿಹಾಕಿಕೊಂಡು ಸಂಚಾರಿ ಸಂಗೀತ ಪಾಠಶಾಲೆ ಕಟ್ಟಿದರು. ಶಿಷ್ಯರು, ತಂಬೂರಿ, ತಬಲಾ, ಹಾರ್ಮೋನಿಯಂ, ಅಡುಗೆಯ ಪಾತ್ರೆ ಎಲ್ಲ ಒಟ್ಟಿಗೆ ಊರಿಂದೂರಿಗೆ ಹೋಗುತ್ತಿದ್ದವು. ಮಠದಲ್ಲೋ ಗುಡಿಯಲ್ಲೋ ತಳವೂರಿ, ಊರವರು ಕೊಟ್ಟ ಜೋಳ–ಬೇಳೆಯಲ್ಲಿ ದಾಸೋಹ ನಡೆಸಿ, ಪಾಠ ಹೇಳಿ ಮುಂದಿನ ಊರಿಗೆ ನಡೆಯುವುದು. ಹೊಟ್ಟೆಪಾಡಿಗೆಂದು ನಾಟಕ ಕಂಪನಿಯನ್ನೂ ಕಟ್ಟಿದರು. ಬಸರಿಗಿಡದ ವೀರಪ್ಪನವರು ಗದಗಿನಲ್ಲಿ ಜಾಗ ಕೊಟ್ಟ ಮೇಲೆ ಪಾಠಶಾಲೆ ಒಂದು ಕಡೆ ನೆಲೆ ನಿಂತಿತು. ಅದೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು.

ಆಶ್ರಮದ ಪಾಠದ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ಸತ್ವ ತಿಳಿಯುತ್ತದೆ. ಹೊಸದಾಗಿ ಬಂದ ಕಣ್ಣಿಲ್ಲದ ಹುಡುಗನ ಬೆರಳನ್ನು ಗುರು ಹಾರ್ಮೋನಿಯಮ್ಮಿನ ಮೇಲೆ ಇಡುತ್ತಾರೆ. ಬಿಳಿ ಮನೆಗಳು ಒಂದೇ ಸಮನೆ ಸಾಲಾಗಿವೆ, ಸವರಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಆದರೆ ಎತ್ತರದ ಕರಿ ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಬಿಡಿಬಿಡಿಯಾಗಿವೆ. ಎರಡರ ಗುಂಪಿನ ಎಡಕ್ಕೆ ಯಾವ ಬಿಳಿ, ಮೂರರ ಗುಂಪಿನ ನಡುವೆ ಯಾವ ಬಿಳಿ ಎಂಬುದು ಬೆರಳಿಗೆ ಕೂಡಿಬಂದರೆ ಇಡೀ ಸಪ್ತಕ ಕೈವಶ. ಮುಂದೆ ಕಿವಿಯದೇ ಕೆಲಸ. ತಬಲಾ ಹುಡುಗ ಮೊದಲು ಬೋಲನ್ನು ಬಾಯಿಂದ ಹೇಳುತ್ತಾನೆ, ತೊಡೆ ತಟ್ಟಿ ಮಾತ್ರೆ ಎಣಿಸುತ್ತಾನೆ, ಆಮೇಲೆ ತಬಲಾ ಮುಟ್ಟುತ್ತಾನೆ. ಸುತ್ತಿಗೆಯಿಂದ ಗಟ್ಟಿಗಳನ್ನು ಬಡಿದು ಶ್ರುತಿಗೆ ತರುವುದನ್ನೂ ಅವನೇ ಕಲಿಯುತ್ತಾನೆ. ಬಂದಿಶು, ವಚನ, ತತ್ವಪದ, ರಂಗಗೀತೆ ಎಲ್ಲ ಬಾಯಿಪಾಠ. ಸಂಗೀತ ನಮ್ಮಲ್ಲಿ ಮೊದಲಿನಿಂದಲೂ ಬಾಯಿಂದ ಕಿವಿಗೆ ನಡೆದು ಬಂದ ವಿದ್ಯೆಯಾದ್ದರಿಂದ ಅಂಧ ಮಗುವಿಗೆಂದು ಬೇರೆ ಪಾಠಕ್ರಮವನ್ನೇ ಮಾಡಬೇಕಾಗಲಿಲ್ಲ. ಕಣ್ಣಿದ್ದ ಬಡ ಮಕ್ಕಳೂ ಅದೇ ಸಾಲಿನಲ್ಲಿ ಕೂತು ಕಲಿತರು. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ನಿಜಾಮರ ಸೀಮೆಯ ರಾಯಚೂರು ಕಡೆಯಿಂದ ಬಂದ ಸಿದ್ಧರಾಮ ಜಂಬಲದಿನ್ನಿ ಕೂಡ ಅವರ ಶಿಷ್ಯರೇ. ಅಂಧರಿಗೂ ಕಣ್ಣಿದ್ದವರಿಗೂ ಒಂದೇ ಕಡೆ ಕಲಿಸುವುದನ್ನು ಇವತ್ತು ‘ಸಮನ್ವಯ ಶಿಕ್ಷಣ’ ಎನ್ನುತ್ತೇವೆ. ಗದಗಿನಲ್ಲಿ ಅದು ಯಾವ ಯೋಜನೆಯೂ ಇಲ್ಲದೆ, ಹಸಿದ ಮಕ್ಕಳೆಲ್ಲ ಒಂದೇ ಪಂಕ್ತಿ ಎಂಬ ಭಾವದಿಂದ ನಡೆದಿತ್ತು.

ಗದಗಿನ ಕಸುಬು ಶಿಕ್ಷಣ ಬೆತ್ತದ ಕೆಲಸದ ಹಾಗೆ ಸೋಲಲಿಲ್ಲ. ಯಾಕೆಂದರೆ ಕಲಿತ ವಿದ್ಯೆಗೆ ಹಳ್ಳಿಯಲ್ಲಿ ಮೊದಲೇ ಒಂದು ಗದ್ದುಗೆ ಸಿದ್ಧವಾಗಿತ್ತು. ಶ್ರಾವಣ ಬಂತೆಂದರೆ ಯಲಬುರ್ಗಾ, ಕುಷ್ಟಗಿ ಕಡೆಯ ಊರೂರಲ್ಲಿ ಪುರಾಣ ಹಚ್ಚುತ್ತಾರೆ. ಶರಣಬಸವೇಶ್ವರರ ಪುರಾಣವಾದರೆ ಜನ ಕಿಕ್ಕಿರಿಯುತ್ತಾರೆ. ಪುರಾಣವೆಂದರೆ ಪ್ರವಚನ ಹೇಳುವ ಶಾಸ್ತ್ರಿಗಳು ಒಬ್ಬರೇ ಸಾಲದು. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿ ಒಬ್ಬರು, ತಬಲಾಕ್ಕೆ ಒಬ್ಬರು ಬೇಕೇ ಬೇಕು. ತಿಂಗಳಾನುಗಟ್ಟಲೆ ಊರಲ್ಲೇ ವಾಸ, ಮನೆಮನೆಯಿಂದ ಊಟ, ಪುರಾಣ ಮಂಗಲದ ದಿನ ಕಾಣಿಕೆ, ಶಾಲು, ಸನ್ಮಾನ. ಶ್ರಾವಣ ಮುಗಿದರೆ ನವರಾತ್ರಿ, ಪುಷ್ಯದಿಂದ ಜಾತ್ರೆಗಳು. ಜಾತ್ರೆಗೆ ಕಂಪನಿ ನಾಟಕ, ಹಳ್ಳಿಯ ಹುಡುಗರು ಆಡುವ ನಾಟಕ, ಅದಕ್ಕೆ ಪೇಟಿ ಮಾಸ್ತರು. ಉಳಿದ ದಿನ ಮಠದ ಪಾಠಶಾಲೆ, ಮನೆಪಾಠ. 1950ರಲ್ಲಿ ಧಾರವಾಡ ಆಕಾಶವಾಣಿ, 1966ರಲ್ಲಿ ಕಲಬುರಗಿ ಆಕಾಶವಾಣಿ ಬಂದ ಮೇಲೆ ಕೆಲವರಿಗೆ ಅಲ್ಲೂ ಜಾಗ ಸಿಕ್ಕಿತು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾದವರು ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು. ‘ಕಟ್ಟೆಯ ಮೇಲೆ ಕೂತಿದ್ದ ಕುರುಡ’ನನ್ನು ಊರು ‘ಗವಾಯಿಗಳು’ ಎಂದು ಬಹುವಚನದಲ್ಲಿ ಕರೆಯತೊಡಗಿತು. ಉತ್ಪನ್ನವನ್ನು ಮಾರಲು ಹಿತೈಷಿಗಳನ್ನು ಹುಡುಕಬೇಕಾಗಲಿಲ್ಲ; ಬೇಡಿಕೆ ಜನರ ಬದುಕಿನೊಳಗೇ ಇತ್ತು.

ಇದೇ ತಿಳಿವಿಗೆ ಆಫ್ರಿಕಾ ಬಂದದ್ದು ಜಾನ್ ವಿಲ್ಸನ್ ಎಂಬ ಇಂಗ್ಲಿಷ್ ಗೃಹಸ್ಥರ ಮೂಲಕ. ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯ ರಸಾಯನಶಾಸ್ತ್ರದ ಪ್ರಯೋಗದಲ್ಲಿ ಸ್ಫೋಟವಾಗಿ ಕಣ್ಣು ಕಳೆದುಕೊಂಡವರು ಅವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಫ್ರಿಕಾ ಸುತ್ತಿ, 1950ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಅಂಧರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಇಂದಿನ ‘ಸೈಟ್‌ಸೇವರ್ಸ್’ ಅದರ ಮುಂದುವರಿಕೆ. ಹಳ್ಳಿಯ ಅಂಧನಿಗೆ ಹಳ್ಳಿಯ ಕಸುಬೇ ಬೇಕು, ಪಟ್ಟಣದ ಬುಟ್ಟಿ ಕಾರ್ಖಾನೆಯಿಂದ ಅವನ ಬದುಕು ಕಟ್ಟಲಾಗದು ಎಂಬುದು ಅವರ ಕಾಲದಲ್ಲಿ ಬಲಗೊಂಡ ವಿಚಾರ. ಉಗಾಂಡಾದ ಸಲಾಮಾದಲ್ಲಿ 1950ರ ದಶಕದಲ್ಲಿ ಅಂಧರಿಗೆ ಬೇಸಾಯ ಕಲಿಸುವ ಕೇಂದ್ರವೇ ಬಂತು. ನಮ್ಮ ದೇಶದಲ್ಲೂ ಗುಜರಾತಿನ ಫಣಸಾದಲ್ಲಿ ಅಂಥದೊಂದು ಕೃಷಿ ತರಬೇತಿ ಕೇಂದ್ರ ಹುಟ್ಟಿತು. ಹೊಲಮನೆಯನ್ನೇ ನಂಬಿದ ಕೊಪ್ಪಳ ಸೀಮೆಗೆ ಅಂಥ ಕೇಂದ್ರದ ಅಗತ್ಯ ಎಷ್ಟಿತ್ತು! ಎಮ್ಮೆ ಸಾಕುವುದು, ಹಾಲು ಹಿಂಡುವುದು, ಕಳೆ ಕೀಳುವುದು, ಶೇಂಗಾ ಸುಲಿಯುವುದು, ಹಗ್ಗ ಹೊಸೆಯುವುದು, ಇವೆಲ್ಲ ಕೈ ಮುಟ್ಟಿ ಮಾಡುವ ಕೆಲಸಗಳೇ. ಎಷ್ಟೋ ಅಂಧರು ಯಾರೂ ಕಲಿಸದೆ ಇವನ್ನು ಮಾಡುತ್ತಲೇ ಬಂದಿದ್ದಾರೆ. ಅದನ್ನು ಶಿಕ್ಷಣವೆಂದು, ತರಬೇತಿಯೆಂದು ನಾವು ಎಣಿಸಲಿಲ್ಲ.

ಪಂಚಾಕ್ಷರ ಗವಾಯಿಗಳ ನಂತರ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ಲ ತಾಲ್ಲೂಕಿನಲ್ಲೇ ಹುಟ್ಟಿ, ಇನ್ನೂ ತೊಟ್ಟಿಲ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. 1944ರಿಂದ 2010ರ ಸೆಪ್ಟೆಂಬರಿನಲ್ಲಿ ಕೊನೆಯುಸಿರೆಳೆಯುವವರೆಗೆ ಅರವತ್ತಾರು ವರ್ಷ ಆಶ್ರಮ ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ 80ಕ್ಕೂ ಹೆಚ್ಚು ಪುಸ್ತಕ ಅವರದು; ಹೇಳಿ ಬರೆಸಿದರು, ಬ್ರೈಲ್‌ನಲ್ಲೂ ಬರೆದರು. ಸರ್ಕಾರ ಪದ್ಮಭೂಷಣ ಕೊಟ್ಟದ್ದು 2010ರಲ್ಲಿ, ಅದಕ್ಕೆ ಬಹಳ ಮೊದಲೇ ಉತ್ತರ ಕರ್ನಾಟಕದ ಜನ ಅವರನ್ನು ‘ನಡೆದಾಡುವ ದೇವರು’ ಎಂದಿದ್ದರು. ಆಶ್ರಮದ ಒಲೆ ಉರಿಸಲು ಅವರು ಹಿಡಿದ ದಾರಿ ತುಲಾಭಾರ. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯದಿಂದ ತೂಗುವರು, ಆ ದುಡ್ಡು ಮಕ್ಕಳ ಅನ್ನಕ್ಕೆ ಹೋಗುವುದು. ಇಂಥ ತುಲಾಭಾರಕ್ಕೆಂದು ಅವರು ಸುತ್ತದ ಊರೇ ಇಲ್ಲವೆನ್ನಬಹುದು. ಅನುದಾನದ ಕಡತ ಓಡಾಡಲು ತಿಂಗಳು ಹಿಡಿದೀತು, ಮಕ್ಕಳ ಹಸಿವು ಕಾಯುವುದಿಲ್ಲ ಎಂಬುದನ್ನು ಬಲ್ಲವರು ಅವರು. ಬಳ್ಳಾರಿ ಕಡೆಯ ಎಂ. ವೆಂಕಟೇಶಕುಮಾರ್ ಹನ್ನೆರಡು ವರ್ಷ ಇವರ ಬಳಿ ಇದ್ದು ಕಲಿತು, ಇಂದು ದೇಶದ ಮುಂಚೂಣಿಯ ಗಾಯಕರಾಗಿದ್ದಾರೆ.

ಇಷ್ಟೆಲ್ಲ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಕಣ್ಣಿಲ್ಲದ ಮಕ್ಕಳೆಲ್ಲರಿಗೂ ಕಂಠವಿರುವುದಿಲ್ಲ. ಶ್ರುತಿ ಹಿಡಿಯದ, ತಾಳ ನಿಲ್ಲದ, ಆದರೆ ಲೆಕ್ಕದಲ್ಲಿ ಚುರುಕಾದ ಮಗುವಿಗೆ ಗದಗಿನ ದಾರಿ ಸಾಲದು. ‘ಕುರುಡರಿಗೆ ಸಂಗೀತ’ ಎಂಬ ಸಮೀಕರಣ ನಮ್ಮ ಮನಸ್ಸಿನಲ್ಲಿ ಎಷ್ಟು ಬೇರೂರಿದೆಯೆಂದರೆ, ಅಂಥ ಮಗುವಿನ ಕೈಗೆ ಪುಸ್ತಕ ಕೊಡಬೇಕೆಂದು ಹೊಳೆಯುವುದೇ ಇಲ್ಲ. ಇದು ಆಶ್ರಮದ ದೋಷವಲ್ಲ. ಅದು ತನ್ನ ಪಾಲಿನದನ್ನು ಮೀರಿ ಮಾಡಿತು. ಸಂಗೀತದ ಆಚೆಗಿನ ಓದನ್ನು ಊರ ಹತ್ತಿರ ತರಬೇಕಾಗಿದ್ದ ಸರ್ಕಾರಗಳು ತಡಮಾಡಿದವು. ಹೆಣ್ಣುಮಕ್ಕಳ ಸ್ಥಿತಿಯಂತೂ ಇನ್ನೂ ಕಷ್ಟದ್ದು. ಊರೂರು ತಿರುಗುವ ಗವಾಯಿಯ ಬದುಕಿಗೆ, ದೂರದ ವಸತಿ ಶಾಲೆಗೆ ಕಣ್ಣಿಲ್ಲದ ಮಗಳನ್ನು ಕಳಿಸುವ ಧೈರ್ಯ ಎಷ್ಟು ತಂದೆ–ತಾಯಿಗೆ ಬಂದೀತು? ಆಕೆ ಮನೆಯಲ್ಲೇ ಉಳಿದಳು. ಈ ಸೀಮೆಯ ಅಂಧ ಶಿಕ್ಷಣದ ಚರಿತ್ರೆಯಲ್ಲಿ ಹೆಸರಿಲ್ಲದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ.

ಓದು ಬರಹದ ದಾರಿ ತೆರೆದದ್ದು ಬ್ರೈಲ್. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಆರು ಚುಕ್ಕಿಗಳ ಲಿಪಿ ಭಾರತಕ್ಕೆ ಬಂದಾಗ ಒಂದೊಂದು ಶಾಲೆ ಒಂದೊಂದು ಬಗೆಯಲ್ಲಿ ಅದನ್ನು ಹೊಂದಿಸಿಕೊಂಡಿತು: ಶಾರ್ಪ್ ಬ್ರೈಲ್, ಶಾ ಬ್ರೈಲ್, ನೀಲಕಂಠರಾಯ್ ಬ್ರೈಲ್ ಹೀಗೆ. ಒಂದು ಕಡೆ ಕಲಿತವನು ಇನ್ನೊಂದು ಕಡೆಯ ಪುಸ್ತಕ ಓದಲಾರ. ಸ್ವಾತಂತ್ರ್ಯ ಬಂದ ಹೊತ್ತಿಗೆ ಇಡೀ ದೇಶದಲ್ಲಿದ್ದ ಅಂಧರ ಶಾಲೆಗಳು 32. ಅಷ್ಟು ಕಡಿಮೆ ಶಾಲೆಗಳಲ್ಲೂ ಇಷ್ಟೊಂದು ಲಿಪಿಗಳು! 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಸಮಾನವಾದ ಭಾರತಿ ಬ್ರೈಲ್ ಜಾರಿಗೆ ಬಂತು, ಅದೇ ವರ್ಷ ಡೆಹ್ರಾಡೂನಿನಲ್ಲಿ ಬ್ರೈಲ್ ಮುದ್ರಣಾಲಯ ಶುರುವಾಯಿತು. ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಎಲ್ಲಕ್ಕೂ ಒಂದೇ ಚುಕ್ಕಿಗಳಾದವು.

ಕನ್ನಡ ಬ್ರೈಲ್ ಹೇಗಿರುತ್ತದೆ ಎಂಬುದನ್ನು ಓದುಗರು ಒಮ್ಮೆ ತಿಳಿಯಬೇಕು. ‘ಕೊಪ್ಪಳ’ ಎಂದು ಬರೆಯಬೇಕಾದರೆ ಆರು ಮನೆ ಬೇಕು. ಮೊದಲ ಮನೆಯಲ್ಲಿ 1 ಮತ್ತು 3ನೇ ಚುಕ್ಕಿ, ಅದು ‘ಕ’. ಎರಡನೆಯದರಲ್ಲಿ 1, 3, 4, 6, ಅದು ‘ಒ’. ಬ್ರೈಲ್‌ನಲ್ಲಿ ಕೊಂಬು, ಇಳಿ, ದೀರ್ಘ ಇಲ್ಲ, ವ್ಯಂಜನದ ಮುಂದೆ ಸ್ವರ ಇಟ್ಟರೆ ಗುಣಿತಾಕ್ಷರವಾಯಿತು. ಮೂರನೆಯದರಲ್ಲಿ 4ನೇ ಚುಕ್ಕಿ ಒಂದೇ. ಮುಂದೆ ಬರುವ ವ್ಯಂಜನ ಅರ್ಧ ಎಂದು ಅದು ಮೊದಲೇ ಹೇಳಿಬಿಡುತ್ತದೆ. ಆಮೇಲೆ ‘ಪ’ ಎರಡು ಸಲ, ಕೊನೆಗೆ ‘ಳ’. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲ ಒಂದೇ ಸಾಲಿನಲ್ಲಿ ಬೆರಳಿನ ಕೆಳಗೆ ಹರಿಯುತ್ತದೆ. ಬ್ರೈಲ್ ಪಾಟಿಗೆ ದಪ್ಪ ಕಾಗದ ಸಿಕ್ಕಿಸಿ, ಮೊನಚಾದ ಸ್ಟೈಲಸ್‌ನಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಕಾಗದ ಮಗುಚಿದರೆ ಚುಕ್ಕಿಗಳು ಉಬ್ಬಿರುತ್ತವೆ, ಅವನ್ನು ಎಡದಿಂದ ಬಲಕ್ಕೆ ಓದಬೇಕು. ಬರೆಯುವಾಗ ಒಂದು ದಿಕ್ಕು, ಓದುವಾಗ ಇನ್ನೊಂದು. ಆರೇಳು ವರ್ಷದ ಮಗುವಿಗೆ ಇದು ದಿನವೂ ತಿದ್ದಿಸುವ ಗುರು ಇದ್ದರೆ ಬೇಗ ಕೈಹತ್ತುತ್ತದೆ. ವಯಸ್ಸು ದಾಟಿದಷ್ಟೂ ಬೆರಳು ಜಡವಾಗುತ್ತದೆ. ಅಂಧ ಮಕ್ಕಳ ವಿಷಯದಲ್ಲಿ ‘ಇನ್ನೊಂದೆರಡು ವರ್ಷ ತಡೆದು ಕಳಿಸೋಣ’ ಎಂಬ ಮಾತು ಅಪಾಯದ್ದು ಎನ್ನುವುದು ಇದಕ್ಕೇ.

1956ರಲ್ಲಿ ಕೊಪ್ಪಳ, ಗದಗ, ಮೈಸೂರು ಒಂದೇ ರಾಜ್ಯಕ್ಕೆ ಸೇರಿದವು. ಆದರೂ ಶಾಲೆ ಹತ್ತಿರ ಬರಲಿಲ್ಲ. ರಾಜ್ಯ ಸರ್ಕಾರ ತಾನೇ ನಡೆಸುವ ಅಂಧ ಮಕ್ಕಳ ಶಾಲೆಗಳು ಮೈಸೂರು, ಕಲಬುರಗಿ, ಹುಬ್ಬಳ್ಳಿ, ದಾವಣಗೆರೆಗಳಲ್ಲಿವೆ. ಕೊಪ್ಪಳದಿಂದ ಹತ್ತಿರದ ಹುಬ್ಬಳ್ಳಿಯೇ ನೂರು ಕಿಲೋಮೀಟರಿನ ಆಚೆ. ಬ್ರೈಲ್ ಪಠ್ಯಪುಸ್ತಕ ಅಚ್ಚಾಗುವುದು ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯದಲ್ಲಿ. ಖಾಸಗಿ ಸಂಸ್ಥೆಗಳು ಬೆಳೆದದ್ದು ಹೆಚ್ಚಾಗಿ ಬೆಂಗಳೂರಿನಲ್ಲಿ: 1969ರಲ್ಲಿ ರಮಣ ಮಹರ್ಷಿ ಅಂಧರ ಅಕಾಡೆಮಿ, 1997ರಲ್ಲಿ ಸಮರ್ಥನಂ. ಬೆಳಗಾವಿಯಲ್ಲಿ ಮಾಹೇಶ್ವರಿ ಅಂಧರ ಶಾಲೆಯಿದೆ. ನಮ್ಮ ಸೀಮೆ ರಾಯಚೂರು ಜಿಲ್ಲೆಯ ಮೂಲೆಯಾಗಿಯೇ 1997ರ ಆಗಸ್ಟ್‌ವರೆಗೆ ಉಳಿಯಿತು. ಅಲ್ಲಿಯವರೆಗೆ ಕುಷ್ಟಗಿಯ ತಂದೆಯೊಬ್ಬ ಜಿಲ್ಲಾ ಕೇಂದ್ರದಲ್ಲಿ ಏನಾದರೂ ಕೆಲಸವಿದ್ದರೆ ರಾಯಚೂರಿಗೇ ಹೋಗಬೇಕಿತ್ತು. ಕೊಪ್ಪಳ ಹೊಸ ಜಿಲ್ಲೆಯಾದದ್ದರಿಂದ ಅಷ್ಟಾದರೂ ಅನುಕೂಲವಾಯಿತು.

ದಿಕ್ಕು ಬದಲಾದದ್ದು 1974ರಿಂದ. ಕೇಂದ್ರ ಸರ್ಕಾರ ಆ ವರ್ಷ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆ ತಂದಿತು. ಮಗು ಊರ ಶಾಲೆಯಲ್ಲೇ, ಓರಗೆಯವರ ಜತೆಯಲ್ಲೇ ಕಲಿಯಲಿ ಎಂಬುದು ಅದರ ಆಶಯ. 1995ರ ಅಂಗವಿಕಲರ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. 2001ರ ಸುಮಾರಿಗೆ ಬಂದ ಸರ್ವ ಶಿಕ್ಷಣ ಅಭಿಯಾನ ತಾಲ್ಲೂಕು ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರನ್ನು ಕೊಟ್ಟಿತು, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಎಂದಿತು. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿ.ಆರ್.ಡಬ್ಲ್ಯೂ), ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ (ಎಂ.ಆರ್.ಡಬ್ಲ್ಯೂ) ಬಂದರು. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಕಡಿಮೆ ಗೌರವಧನದಲ್ಲಿ ಹಳ್ಳಿ ಹಳ್ಳಿ ಅಲೆದು ಮಕ್ಕಳನ್ನು ಹುಡುಕಿ ಹೆಸರು ಹಚ್ಚಿಸಿದವರು. ಇವರ ದುಡಿಮೆಯನ್ನು ಎಷ್ಟು ನೆನೆದರೂ ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಯ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿ, ಅದರಲ್ಲಿ ಶೇ. 1ನ್ನು ಅಂಧರು ಮತ್ತು ಮಂದದೃಷ್ಟಿಯವರಿಗೆ ಇಟ್ಟಿತು. ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ಈಗ ಕಾಣುವ ಅಂಧ ನೌಕರರು ಈ ದಾರಿಯಿಂದ ಬಂದವರು. ಕಾಯಂ ಸಂಬಳದ ಈ ನೌಕರಿ ಗವಾಯಿಯ ಕಾಣಿಕೆಗಿಂತ ಭದ್ರವಾದದ್ದು, ಇದಕ್ಕೆ ಓದು ಬೇಕು.

ಶಾಲೆಯೇನೋ ಮನೆಯ ಹತ್ತಿರ ಬಂತು. ಬ್ರೈಲ್ ಮಾತ್ರ ಹಿಂದೆಯೇ ಉಳಿಯಿತು. ಸಂಪನ್ಮೂಲ ಶಿಕ್ಷಕರು ಒಂದಿಬ್ಬರು, ತಾಲ್ಲೂಕಿನ ತುಂಬ ನಾನಾ ಬಗೆಯ ವೈಕಲ್ಯದ ಮಕ್ಕಳು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಂದು ಹೋಗುವ ಗುರುವಿನಿಂದ ಬೆರಳಿಗೆ ಲಿಪಿ ಹತ್ತುವುದಿಲ್ಲ. ತರಗತಿಯ ಶಿಕ್ಷಕರಿಗೆ ಬ್ರೈಲ್ ಬರುವುದಿಲ್ಲ, ಹಲಗೆಯ ಮೇಲೆ ಬರೆದದ್ದನ್ನು ಬಾಯಿಬಿಟ್ಟು ಹೇಳಬೇಕೆಂದೂ ಎಷ್ಟೋ ಸಲ ನೆನಪಾಗುವುದಿಲ್ಲ. ಪರೀಕ್ಷೆಗೆ ಬರಹಗಾರ ಸಿಗುತ್ತಾನೆ, ಹೆಚ್ಚುವರಿ ಸಮಯವೂ ಇದೆ. ಅದು ನ್ಯಾಯವಾದದ್ದೇ. ಆದರೆ ಮಗು ಕೇಳಿ ಕಲಿತು, ಹೇಳಿ ಬರೆಸಿ ಎಸ್ಸೆಸ್ಸೆಲ್ಸಿ ಪಾಸಾಗುತ್ತದೆ, ತನ್ನ ಹೆಸರಿನ ಕಾಗುಣಿತ ಅದಕ್ಕೆ ತಿಳಿದಿರುವುದಿಲ್ಲ. ಗಣಿತ, ವಿಜ್ಞಾನಗಳ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಳ್ಳಲು ಅವಕಾಶವಿದೆ. ಅಂಕಿಯ ಅಚ್ಚುಗಳನ್ನು ತೂತಿನಲ್ಲಿಟ್ಟು ಲೆಕ್ಕ ಮಾಡುವ ಟೇಲರ್ ಫ್ರೇಮ್, ಮಣಿಚೌಕಟ್ಟು ಇದ್ದೂ ಅವನ್ನು ಕಲಿಸುವವರಿಲ್ಲದೆ ಆ ಅವಕಾಶವೇ ರೂಢಿಯಾಗಿಬಿಟ್ಟಿದೆ. ಹಿಂದೆ ಅಂಧ ಮಗುವಿಗೆ ಸಂಗೀತವೊಂದೇ ಎಂದು ನಾವೇ ತೀರ್ಮಾನಿಸಿದೆವು. ಈಗ ಗಣಿತ ಬೇಡವೆಂದು ನಾವೇ ತೀರ್ಮಾನಿಸುತ್ತಿದ್ದೇವೆ. ಮಗುವನ್ನು ಕೇಳಿದವರು ಯಾರು?

ಕಂಪ್ಯೂಟರ್ ಬಂದ ಮೇಲೆ ಬ್ರೈಲ್ ಯಾಕೆ ಎನ್ನುವವರಿದ್ದಾರೆ. ಪರದೆ ಓದುವ ತಂತ್ರಾಂಶಗಳು ನಿಜವಾಗಿ ದೊಡ್ಡ ವರ. ‘ಎನ್‌ವಿಡಿಎ’ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಮೊಬೈಲಿನ ‘ಟಾಕ್‌ಬ್ಯಾಕ್’ ಹಿಡಿದು ಪತ್ರಿಕೆ ಓದುವ, ದುಡ್ಡು ಕಳಿಸುವ ಯುವಕರು ಗಂಗಾವತಿ, ಕೊಪ್ಪಳದಂಥ ಊರುಗಳಲ್ಲೂ ಇದ್ದಾರೆ. ಆದರೆ ಕನ್ನಡ ಯೂನಿಕೋಡ್‌ನಲ್ಲಿದ್ದರೆ ಮಾತ್ರ ತಂತ್ರಾಂಶ ಓದೀತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಸುತ್ತೋಲೆ, ಸ್ಕ್ಯಾನ್ ಮಾಡಿ ಹಾಕಿದ ಅಧಿಸೂಚನೆ ಅದಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿ, ಇಲ್ಲವೇ ಬರೀ ಚಿತ್ರ. ಅಂಗವಿಕಲರಿಗೆಂದೇ ಹೊರಡಿಸಿದ ಆದೇಶವನ್ನು ಅಂಗವಿಕಲನೇ ಓದಲಾಗದ ಸ್ಥಿತಿ ಇದು. ಇದನ್ನು ಸರಿಪಡಿಸಲು ಹೊಸ ಕಟ್ಟಡ ಬೇಡ, ಹೆಚ್ಚು ಹಣವೂ ಬೇಡ, ಕಚೇರಿಗಳು ಯೂನಿಕೋಡ್‌ನಲ್ಲಿ ಟೈಪಿಸಿದರೆ ಸಾಕು. ಇನ್ನು ಕೇಳಿಸಿಕೊಳ್ಳುವುದು ಬೇರೆ, ಓದುವುದು ಬೇರೆ. ಒತ್ತಕ್ಷರ, ದೀರ್ಘ, ಕಾಗುಣಿತ ಬೆರಳಿಗೆ ಸಿಕ್ಕರಷ್ಟೇ ಬರಹ ಗಟ್ಟಿಯಾಗುತ್ತದೆ.

ಕಣ್ಣು ಕಳೆದುಕೊಳ್ಳುವ ಮಕ್ಕಳ ಸಂಖ್ಯೆ ತಗ್ಗಿಸುವಲ್ಲಿ ಆದ ಕೆಲಸ ನಿಜಕ್ಕೂ ಸಮಾಧಾನದ್ದು. 1975ರಲ್ಲಿ ದೇಶದ ಕೊನೆಯ ಸಿಡುಬಿನ ಪ್ರಕರಣ ಕಂಡಿತು. 1970ರಲ್ಲಿ ‘ಎ’ ಅನ್ನಾಂಗ ಕುಡಿಸುವ ಕಾರ್ಯಕ್ರಮ, 1976ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದವು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಅಕ್ಷಿಪಟಲದ ರೋಗವನ್ನು ಪತ್ತೆಹಚ್ಚುವ ತಪಾಸಣೆ 2008ರಿಂದ ಆರಂಭವಾಗಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂದಿದೆ. ಉಳಿದಿರುವುದು ಹುಟ್ಟಿನಿಂದ, ವಂಶದಿಂದ ಬರುವ ದೋಷಗಳು. ರಕ್ತಸಂಬಂಧದ ಮದುವೆಯ ವಿಷಯವನ್ನು ಮಠಗಳೂ ಶಾಲೆಗಳೂ ಬಾಯಿಬಿಟ್ಟು ಮಾತಾಡಬೇಕು.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಅದು ಯಲಬುರ್ಗಾ, ಕುಕನೂರು ಸೀಮೆಯನ್ನು ಹಾದು ಗದಗಿನ ಮೇಲಿಂದ ಹುಬ್ಬಳ್ಳಿಗೆ ಹೋಗುತ್ತದೆ. ಸಂಗೀತ ಕಲಿಯಬಯಸುವ ಮಗುವಿಗೆ ಗದಗು ಈಗ ಹತ್ತಿರವಾಯಿತು, ಒಳ್ಳೆಯದೇ. ಓದಬಯಸುವ ಮಗುವಿಗೂ ರೈಲು ಹತ್ತುವುದೊಂದೇ ದಾರಿಯಾಗಬಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆ ದಿನವೂ ಬ್ರೈಲ್ ಕಲಿಸುವ, ಟೇಲರ್ ಫ್ರೇಮ್‌ನಲ್ಲಿ ಲೆಕ್ಕ ಮಾಡಿಸುವ, ಬಿಳಿ ಕೋಲು ಹಿಡಿದು ನಡೆಯುವುದನ್ನು ಹೇಳಿಕೊಡುವ ಕಾಯಂ ಶಿಕ್ಷಕರೊಬ್ಬರು ಬೇಕು. ಹೆಣ್ಣುಮಕ್ಕಳಿಗೆ ತಾಲ್ಲೂಕು ಕೇಂದ್ರದಲ್ಲೇ ವಸತಿ ಬೇಕು. ಕಲ್ಯಾಣ ಕರ್ನಾಟಕಕ್ಕೆಂದು ವಿಶೇಷ ಅನುದಾನ ಬರುತ್ತಿರುವಾಗ ನಾಲ್ವರು ಶಿಕ್ಷಕರ ಸಂಬಳ ಭಾರವಾಗದು.

ಆ ಶಿಕ್ಷಕರು ಬರುವವರೆಗೂ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಓಣಿಯಲ್ಲಿ, ನಿಮ್ಮ ಹೊಲದ ನೆರೆಯಲ್ಲಿ ಕಣ್ಣು ಕಾಣದ ಮಗುವಿದ್ದರೆ ಅದಕ್ಕೆ ಆರು ತುಂಬುವ ಮೊದಲೇ ಪಂಚಾಯಿತಿಯ ವಿ.ಆರ್.ಡಬ್ಲ್ಯೂಗೆ ಹೇಳಿ. ಕಣ್ಣಿನ ಡಾಕ್ಟರಿಗೆ ತೋರಿಸಿ, ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು ಮಾಡಿಸಿ, ಊರ ಶಾಲೆಯಲ್ಲಿ ಹೆಸರು ಹಚ್ಚಿ. ಬ್ರೈಲ್ ಪಾಟಿ, ಬ್ರೈಲ್ ಪುಸ್ತಕ ಕೊಡಿರೆಂದು ಬಿ.ಇ.ಒ. ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆರರಿಂದ ಹದಿನೆಂಟು ವರ್ಷದವರೆಗೆ ಅಂಥ ಮಗುವಿಗೆ ಪುಕ್ಕಟೆ ಶಿಕ್ಷಣ ಕೊಡಬೇಕೆಂದು 2016ರ ಕಾಯ್ದೆಯ 31ನೇ ಕಲಮು ಹೇಳುತ್ತದೆ, ನೆರೆಯ ಶಾಲೆಯಲ್ಲಿ ಓದಬೇಕೋ ವಿಶೇಷ ಶಾಲೆಯಲ್ಲಿ ಓದಬೇಕೋ ಎಂಬ ಆಯ್ಕೆಯೂ ಮಗುವಿನದೇ.